ಒಂದು ಒರಳಿಗೆ ಎರಡು ಒನಕೆ

ಆ ಗಾಡಿ ಕೊಪ್ಪಳದ ನನ್ನ ಅಂಗಡಿಗೆ ತನ್ನ ಗಾಲಿಗಳ ಮೇಲೆ ಬರಲಿಲ್ಲ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಮೈತುಂಬ ತಾಡಪತ್ರಿ ಹೊದ್ದುಕೊಂಡು ಬಂತು. ಅದರ ಪಕ್ಕದಲ್ಲಿ ಯಲಬುರ್ಗಾದ ದನದ ಡಾಕ್ಟರು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯಲ್ಲಿ ಟೊಪ್ಪಿಗೆ ಒತ್ತಿಕೊಂಡು ಕೂತಿದ್ದರು.

"ಮಿಸ್ತ್ರಿ, ಯಲಬುರ್ಗಾದಾಗ ಇಬ್ಬರು ನೋಡ್ಯಾರ, ಕುಷ್ಟಗ್ಯಾಗ ಒಬ್ಬ ನೋಡ್ಯಾನ. ಎಲ್ಲಾರೂ ಕೈ ಮುಗದು ಕಳಿಸ್ಯಾರ. ನೀವೂ ಮುಗಿಯೂದಾದ್ರ ಈಗ ಮುಗೀರಿ, ಟ್ರ್ಯಾಕ್ಟರ್ ಇನ್ನೂ ನಿಂತೈತಿ," ಎಂದರು.

ನಾನು ತಾಡಪತ್ರಿ ಸರಿಸಿ ನೋಡಿದೆ. ಆಮೇಲೆ ಟ್ರ್ಯಾಕ್ಟರಿನವನಿಗೆ ಹೋಗು ಎಂದು ಕೈ ಮಾಡಿದೆ. ಅದು ಧೈರ್ಯವಲ್ಲ, ಆಸೆ. ಅಂಥ ಎಂಜಿನ್ನನ್ನು ಬಿಚ್ಚುವ ಅವಕಾಶಕ್ಕಾಗಿ ನಾನು ಎಷ್ಟೋ ವರ್ಷಗಳಿಂದ ಕಾದು ಕೂತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಮ್ಮ ಸೀಮೆಯ ರಸ್ತೆಗಳ ಮೇಲೆ ಫಟಫಟಿಗಳು, ಅಂದರೆ ಮೋಟರ್‌ಸೈಕಲ್ಲುಗಳು, ಕಡಿಮೆ, ಅವುಗಳ ಜಾತಿ ಇನ್ನೂ ಕಡಿಮೆ. ನಾನು ಅಂಗಡಿಯ ಒಳಗೆ ಕೂತೇ ಹೊರಗೆ ಹೋದದ್ದು ಯಾವುದೆಂದು ಹೇಳುತ್ತಿದ್ದೆ, ಅದರ ಬಗ್ಗೆ ಜಂಬವೂ ಇತ್ತು. ಒಂಟಿ ಸಿಲಿಂಡರಿನ ದೊಡ್ಡ ಗಾಡಿಯಾದರೆ ಎಂಜಿನ್ ಎರಡು ಸುತ್ತು ಸುತ್ತಿದರೆ ಒಮ್ಮೆ ಸಿಡಿಯುತ್ತದೆ. ಹೀಗಾಗಿ ಪ್ರತಿ ಏಟನ್ನೂ ಬೇರೆಯಾಗಿ ಎಣಿಸಬಹುದು, ಎದೆಗೂ ತಟ್ಟುತ್ತದೆ. ಸುತ್ತಿಗೊಮ್ಮೆ ಸಿಡಿಯುವ ಚಿಕ್ಕ ಗಾಡಿಗಳು ಡರ್ರೆಂದು ಒಂದೇ ಉಸಿರಿನಲ್ಲಿ ಅಳುತ್ತ ಹೋಗುತ್ತವೆ. ಕಾರಟಗಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರ ಬಳಿ ಇಂಗ್ಲೆಂಡಿನ ಜೋಡಿ ಸಿಲಿಂಡರಿನ ಗಾಡಿಯಿತ್ತು. ಅದರ ಎರಡು ಪಿಸ್ಟನ್ನುಗಳೂ ಅಕ್ಕಪಕ್ಕ ನಿಂತು ಕೂಡಿಯೇ ಏಳುತ್ತವೆ, ಕೂಡಿಯೇ ಇಳಿಯುತ್ತವೆ. ಈ ಸುತ್ತಿಗೆ ಒಂದು ಸಿಡಿದರೆ ಮುಂದಿನ ಸುತ್ತಿಗೆ ಇನ್ನೊಂದು. ಹಾಗಾಗಿ ಸಪ್ಪಳ ಅಳೆದು ಕತ್ತರಿಸಿದ ಹಾಗೆ ಸಮ. ಆ ಗಾಡಿ ದುರಸ್ತಿಗೆ ಬಂದ ದಿನ ನಾನು ಹಬ್ಬದ ಅಂಗಿ ಹಾಕಿಕೊಳ್ಳುತ್ತಿದ್ದೆ ಎಂದು ಮನೆಯವಳು ಈಗಲೂ ಆಡಿಕೊಳ್ಳುತ್ತಾಳೆ.

ಡಾಕ್ಟರ ಗಾಡಿ ಈ ಯಾವ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸಿಕಂದರಾಬಾದಿನಲ್ಲಿ ಹರಾಜಾದ ಅಮೆರಿಕದ ಮಿಲಿಟರಿ ಗಾಡಿ ಅದು. ಡಾಕ್ಟರ ಸೋದರಮಾವ ಕೊಂಡದ್ದು, ಅವರಿಂದ ಇವರಿಗೆ ಬಂದದ್ದು. ಪಕ್ಕಕ್ಕೆ ಒಬ್ಬರು ಕೂರುವಂಥ ಒಂದು ಗಾಲಿಯ ತೊಟ್ಟಿ, ಅಂದರೆ ಸೈಡ್‌ಕಾರ್. ನಮ್ಮ ಜನ ಅದನ್ನು ತೊಟ್ಟಿಲು ಎನ್ನುತ್ತಿದ್ದರು. ಎಂಜಿನ್ನಿನ ಎರಡು ಸಿಲಿಂಡರುಗಳು ಅಕ್ಕಪಕ್ಕ ಇರಲಿಲ್ಲ. ಒಂದು ಮುಂದಕ್ಕೆ ವಾಲಿ, ಇನ್ನೊಂದು ಹಿಂದಕ್ಕೆ ವಾಲಿ, ಕೆಳಗೆ ಬುಡದಲ್ಲಿ ಒಂದಾಗಿದ್ದವು. ಡಾಕ್ಟರು ಅದರಲ್ಲಿ ಕೊಪ್ಪಳಕ್ಕೆ ಬಂದಾಗಲೆಲ್ಲ ನಾನು ಬಾಗಿಲಿಗೆ ಬಂದು ಕೇಳಿದ್ದೆ. ದುಡು-ದುಂ, ಒಂದು ತಡೆ, ಮತ್ತೆ ದುಡು-ದುಂ. ಎಡವುತ್ತ ಎಡವುತ್ತ ಓಡುವ ಮನುಷ್ಯನ ಹೆಜ್ಜೆ. ಪಾಪ, ಒಳ್ಳೆಯ ಎಂಜಿನ್ನಿಗೆ ಏನೋ ರೋಗ ಹತ್ತಿದೆ, ನನ್ನ ಕೈಗೆ ಸಿಕ್ಕರೆ ಕುಂಟು ಬಿಡಿಸುತ್ತಿದ್ದೆ ಎಂದುಕೊಳ್ಳುತ್ತಿದ್ದೆ. ಈಗ ಸಿಕ್ಕಿತ್ತು.

ಡಾಕ್ಟರಿಗೆ ಅವಸರವಿತ್ತು. ಮಳೆಗಾಲದ ಮುಂಚೆ ಹಳ್ಳಿಹಳ್ಳಿಗೆ ಹೋಗಿ ದನಗಳಿಗೆ ಗಂಟಲುಬೇನೆಯ ಲಸಿಕೆ ಹಾಕಬೇಕು. ಲಸಿಕೆ ತಂಪಿನಲ್ಲೇ ಇರಬೇಕು. ಅದಕ್ಕೆ ಮರದ ಪೆಟ್ಟಿಗೆ, ಹೊಟ್ಟು, ಗಂಗಾವತಿಯಿಂದ ಬಸ್ಸಿನಲ್ಲಿ ಬರುವ ಐಸು. ಅಷ್ಟು ಭಾರ ಹೊತ್ತು ಎರೆಮಣ್ಣಿನ ಗಾಡಿದಾರಿಯಲ್ಲಿ ಹೋಗುವ ತಾಕತ್ತು ಆ ತೊಟ್ಟಿಲಿನ ಗಾಡಿಗೆ ಮಾತ್ರ ಇತ್ತು. ಆದರೆ ಅವರ ಚಿಂತೆ ಭಾರದ್ದಲ್ಲ.

"ಹಿಂದಿನ ವಾರ ಆಸ್ಪತ್ರಿ ಒಂಟಿ ಸಿಲಿಂಡರಿನ ಗಾಡಿ ತಗೊಂಡು ಹೋಗಿದ್ನಿರಿ. ಒಂದ್ ದನಾ ಸೈತ ಬರಲಿಲ್ಲ," ಎಂದರು ಡಾಕ್ಟರು.

"ಯಾಕ್ರಿ?"

"ನನ್ನ ಗಾಡಿ ಸಪ್ಪಳ ಎರಡು ಹೊಲ ದೂರದಿಂದ ಕೇಳಿದ್ರ ಸಾಕು, ಜನ ದನಾ ಬಿಚ್ಚಿಕೊಂಡು ಬೇವಿನ ಗಿಡದ ಕೆಳಗ ಬಂದು ನಿಂದರ್ತಾರ. ಡಂಗುರ ಬ್ಯಾಡ, ಚೀಟಿ ಬ್ಯಾಡ. ಆ ಒಂಟಿ ಗಾಡಿ ಸಪ್ಪಳ ಕೇಳಿ ಆಪರೇಶನ್ ಕ್ಯಾಂಪಿನವ್ರು ಬಂದ್ರು ಅಂತ ತಿಳಕೊಂಡ್ರು. ಗಂಡಸರೆಲ್ಲ ಹಳ್ಳ ದಾಟಿ ಓಡಿ ಹೋದ್ರು!"

ನಾನು ನಕ್ಕೆ. ತುರ್ತುಪರಿಸ್ಥಿತಿಯ ಆ ಸಂತಾನಹರಣ ಕ್ಯಾಂಪುಗಳು ನಿಂತು ಎರಡು ವರ್ಷವಾಗಿದ್ದರೂ ಗಂಡಸರ ಕಿವಿಯಿಂದ ಭಯ ಹೋಗಿರಲಿಲ್ಲ. ಡಾಕ್ಟರೂ ನಕ್ಕರು, ಆದರೆ ಬೇಗ ನಿಲ್ಲಿಸಿದರು. "ನಗಬ್ಯಾಡ್ರಿ. ಕರೆಕಳಿಸಿ ಜನ ಕೂಡೂದರಾಗ ಐಸ್ ಕರಗಿತು. ಲಸಿಕಿ ಎಲ್ಲಾ ಚೆಲ್ಲಿದ್ನಿ. ಈಗ ಮತ್ತ ತರಿಸೀನಿ, ಆಸ್ಪತ್ರಿ ಫ್ರಿಜ್‌ನ್ಯಾಗ ಐತಿ. ಮಳಿ ಬೀಳೂದರೊಳಗ ಹಾಕಲಿಲ್ಲಂದ್ರ ಎಮ್ಮಿಗೋಳು ಎರಡ ದಿನದಾಗ ಗಂಟಲು ಬಾತು ಹೋಗ್ತಾವ. ನನಗ ಈ ಗಾಡಿನ ಬೇಕ್ರಿ."

ಹತ್ತು ದಿನ ಕೊಡಿ ಎಂದೆ. ಎಂಟು ತಗೊಳ್ಳಿ ಎಂದರು.

ಬಿಚ್ಚಿದ ಮೊದಲ ದಿನವೇ ರೋಗ ಸಿಕ್ಕಿತು. ಪ್ಲಗ್ಗಿನಲ್ಲಿ ಕಿಡಿ ಹಾರುವುದು ಪಾಯಿಂಟು ಎಂಬ ಪುಟ್ಟ ಸ್ವಿಚ್ಚು ತೆರೆದುಕೊಂಡ ಗಳಿಗೆಯಲ್ಲಿ. ಪಾಯಿಂಟನ್ನು ತೆರೆಯುವುದು ಹೆಬ್ಬೆರಳಿಗಿಂತ ಸಣ್ಣದಾದ, ಸುತ್ತುವ ಒಂದು ಉಕ್ಕಿನ ತುಂಡು, ಅದರ ಹೆಸರು ಕ್ಯಾಮ್. ಎರಡು ಸಿಲಿಂಡರಾದ್ದರಿಂದ ಅದಕ್ಕೆ ಎರಡು ಮೂಗು, ಅಂದರೆ ಪಾಯಿಂಟನ್ನು ಎತ್ತುವ ಉಬ್ಬು. ಒಂದು ಮೂಗು ಬುಡದ ಹತ್ತಿರ ಮುರಿದು, ಆ ಚೂರು ಗೇರಿನ ಹಲ್ಲಿಗೆ ಸಿಕ್ಕಿ ಎಲ್ಲವನ್ನೂ ಹಿಡಿದು ನಿಲ್ಲಿಸಿತ್ತು. ಮುರಿದ ಜಾಗ ಉಜ್ಜಿ ಉಜ್ಜಿ ನುಣುಪಾಗಿತ್ತು. ಅಂಥ ಭಾಗ ಬೆಂಗಳೂರಿನಲ್ಲೂ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಹಾಗಾಗಿ ಮರುದಿನ ಮೊದಲ ಬಸ್ಸಿಗೆ ಗಂಗಾವತಿಗೆ ಹೋದೆ.

ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿದ್ದುದರಿಂದ ಒಳ್ಳೆಯ ಲೇತುಗಳಿದ್ದವು. ನಾನು ನಂಬುತ್ತಿದ್ದ ಲೇತಿನ ಯಜಮಾನರು ಕಿನ್ನಾಳದವರು. ಅವರ ತಂದೆ, ಅಜ್ಜ ಎಲ್ಲ ಮರದ ಗೊಂಬೆ ಮಾಡಿದವರು. ಇವರು ಮಾತ್ರ ಮರ ಬಿಟ್ಟು ಉಕ್ಕಿಗೆ ಬಂದಿದ್ದರು. ಆದರೂ ಕೈ ಗೊಂಬೆಯವರದೇ. ಎಣ್ಣೆ ಮೆತ್ತಿದ ಆ ಅಂಗಡಿಯ ಮೂಲೆಯಲ್ಲಿ ಒಂದು ಕೆಂಪು ಗಿಳಿ, ಒಂದು ಹಳದಿ ಆನೆ ಸದಾ ಇರುತ್ತಿದ್ದವು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಕಾಕಾ ಮುರಿದ ಕ್ಯಾಮನ್ನು ಬೆಳಕಿಗೆ ಹಿಡಿದು ತಿರುವಿದರು. "ಇನ್ನೊಂದು ಮೂಗು ಎಲ್ಲಿತ್ತಪಾ?"

"ಎಲ್ಲಿರತೈತ್ರಿ ಕಾಕಾ, ಇದರ ಎದುರಿಗೆ ಇರಬೇಕಲ್ಲ."

"ಗುರುತು ಸ್ವಲ್ಪ ಓರೆ ಕಾಣತೈತಿ ನೋಡು."

"ಸವದೈತ್ರಿ. ಗಾಡಿ ಮೊದಲಿಂದ ಕುಂಟತಿತ್ತು. ಈ ಓರೆಯಿಂದನ ಕುಂಟತಿತ್ತು."

ಹೀಗೆ, ಕೇಳಿದವರಿಗೆ ಉತ್ತರ ಕೊಟ್ಟು, ಕೊಟ್ಟ ಉತ್ತರವನ್ನು ನಾನೇ ನಂಬಿದೆ. ಕಾಗದದ ಮೇಲೆ ಚಿತ್ರವನ್ನೂ ಬರೆದುಕೊಟ್ಟೆ. ಒಂದು ಮೂಗು ಮೇಲೆ, ಒಂದು ಮೂಗು ಸರಿಯಾಗಿ ಕೆಳಗೆ. ಕಾಕಾನಿಗೂ ಅದು ಒಪ್ಪಿಗೆಯಾಯಿತು. ಎಡಬಲ ಸಮ ಇಲ್ಲದ ವಸ್ತುವನ್ನು ಅವರ ವಂಶದಲ್ಲೇ ಯಾರೂ ಕೈಯಿಂದ ಹೊರಗೆ ಬಿಟ್ಟಿರಲಿಲ್ಲ. ಎರಡು ದಿನ ಕೂತು, ಒಳ್ಳೆಯ ಉಕ್ಕನ್ನು ಅರದಿಂದ ಉಜ್ಜಿ, ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿ, ಕೊನೆಗೆ ಬಟ್ಟೆಯಲ್ಲಿ ಒರೆಸಿ ನನ್ನ ಅಂಗೈ ಮೇಲಿಟ್ಟರು. ಕಿವಿಗೆ ಹಾಕಿಕೊಳ್ಳಬಹುದಾದಷ್ಟು ಚೆಂದವಿತ್ತು.

ಅದನ್ನು ಕೂರಿಸಿ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಇಟ್ಟೆ. ಮೊದಲು ಹಿಂದಿನ ಸಿಲಿಂಡರಿಗೆ ಸರಿಯಾಗಿ ಹೊಂದಿಸಿದೆ. ಡಾಕ್ಟರು ನೋಡುತ್ತಿದ್ದರು, ಎದುರಿನ ಚಹಾದಂಗಡಿಯವರೆಲ್ಲ ಕಪ್ಪು ಹಿಡಿದುಕೊಂಡೇ ಬಂದಿದ್ದರು. ಗಂಭೀರವಾಗಿ ಕಾಲಿಟ್ಟು ಕಿಕ್ ಹೊಡೆದೆ. ಕಿಕ್ಕು ನನಗೇ ತಿರುಗಿ ಹೊಡೆಯಿತು. ಢಂ ಎಂದದ್ದು ಕೇಳಿತು, ಆಮೇಲೆ ನಾನು ತೊಟ್ಟಿಲಿನಲ್ಲಿ ತಲೆಕೆಳಗಾಗಿ ಬಿದ್ದಿದ್ದೆ. ಬಲಗಾಲಿನ ಮೀನಖಂಡ ಬದನೆಕಾಯಿ ಬಣ್ಣಕ್ಕೆ ತಿರುಗಿತು.

"ನನ್ನ ಎತ್ತು ಒದ್ರೂ ಇಷ್ಟು ಛಲೋ ಒದಿಯೂದಿಲ್ರಿ," ಎಂದರು ಡಾಕ್ಟರು, ಎತ್ತುಗಳಿಗೆ ಹಚ್ಚುವ ಮುಲಾಮನ್ನೇ ನನ್ನ ಕಾಲಿಗೆ ತಿಕ್ಕುತ್ತ.

ಕಿಡಿ ಬೇಗ ಹಾರುತ್ತಿದೆ ಎಂದು ತಿಳಿಯಿತು. ಟೈಮಿಂಗನ್ನು ಈ ಸಲ ಮುಂದಿನ ಸಿಲಿಂಡರಿಗೆ ಹೊಂದಿಸಿದೆ. ಎಡಗಾಲಲ್ಲಿ, ದೇವರನ್ನು ನೆನೆಯುತ್ತ ಒದ್ದೆ. ಎಂಜಿನ್ ಎದ್ದಿತು. ಎದ್ದದ್ದು ಮಾತ್ರವಲ್ಲ, ದುಡ್-ದುಡ್-ದುಡ್-ದುಡ್ ಎಂದು ಏಟಿಗೇಟು ಸಮ. ಕಾರಟಗಿಯ ಸಾಹುಕಾರರ ಗಾಡಿಯ ಹಾಗೆ! ಕುಂಟು ಹೋಗಿತ್ತು. ನನ್ನ ಮುಖ ಆಗ ಹೇಗಿತ್ತೋ, ಚಹಾದಂಗಡಿಯವನು ಕೇಳದೆಯೇ ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಕೊಟ್ಟ. ಎಳೆತ ಕಡಿಮೆಯಿದ್ದುದು ನನಗೂ ಗೊತ್ತಾಯಿತು. ಕಾರ್ಬುರೇಟರ್ ಒರೆಸಿದರೆ ಸರಿಹೋಗುತ್ತದೆ ಎಂದು ಡಾಕ್ಟರಿಗೂ ನನಗೂ ಒಟ್ಟಿಗೇ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಪರೀಕ್ಷೆಗೆಂದು ತಳಕಲ್ ಕಡೆಗೆ ಹೊರಟೆವು. ನಾನು ಓಡಿಸುತ್ತಿದ್ದೆ, ಡಾಕ್ಟರು ತೊಟ್ಟಿಲಿನಲ್ಲಿ. ಡಾಂಬರು ಮುಗಿಯುವವರೆಗೆ ಹೇಗೋ ನಡೆಯಿತು. ಮಣ್ಣಿನ ದಾರಿಗೆ ಇಳಿದ ಮೇಲೆ ಎಂಜಿನ್ ನಿಟ್ಟುಸಿರು ಬಿಡತೊಡಗಿತು. ಸೈಲೆನ್ಸರಿನಲ್ಲಿ ಆಗಾಗ ಪಟಾಕಿ. ಬಗ್ಗಿ ನೋಡಿದರೆ ಹಿಂದಿನ ಸಿಲಿಂಡರಿನ ಪೈಪು ಹಗಲು ಬೆಳಕಿನಲ್ಲೂ ಕೆಂಪಗೆ ಕಾಣುತ್ತಿತ್ತು. ಮುಂದಿನದು ನೆಟ್ಟಗಿತ್ತು. ಒಂದಕ್ಕೆ ಹೊಂದಿಸಿದರೆ ಇನ್ನೊಂದು ಮುನಿಯುತ್ತದೆ. ಇಬ್ಬರು ಸೊಸೆಯಂದಿರ ಮನೆಯೇ ಸರಿ.

ಊರಿನ ಬೇವಿನ ಮರದ ಕೆಳಗೆ ನಿಲ್ಲಿಸಿದೆವು. ಒಬ್ಬರೂ ಬರಲಿಲ್ಲ. ಒಂದು ಕೋಳಿ ಮಾತ್ರ ದಾರಿ ದಾಟಿತು. ಡಾಕ್ಟರು ನನ್ನನ್ನು ನೋಡಲಿಲ್ಲ, ಖಾಲಿ ಬೇವಿನ ನೆರಳನ್ನು ನೋಡಿದರು. ಅಷ್ಟು ಚೆಂದ ಓಡುವ ಹಾಗೆ ಮಾಡಿದ ಗಾಡಿಯನ್ನು ಆ ಊರು ಗುರುತೇ ಹಿಡಿದಿರಲಿಲ್ಲ.

ಪೈಪು ಆರಿಸಲು ನೀರು ಕೇಳಲೆಂದು ಹತ್ತಿರದ ಮನೆಗೆ ಕುಂಟುತ್ತ ಹೋದೆ. ಅಂಗಳದಲ್ಲಿ ಇಬ್ಬರು ಹೆಂಗಸರು ವರ್ಷದ ಖಾರ ಕುಟ್ಟುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆ ನಾಲ್ಕು ಸೀನು ಸೀನಿದೆ. ಹಿರಿಯಾಕೆ, ಒಂದು ಎಮ್ಮೆ ಮತ್ತು ಅದರ ಕರು ಕಟ್ಟಿದ್ದ ಆ ಮನೆಯ ಯಜಮಾನಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ಬಂದಳು. ಡಾಕ್ಟರನ್ನು ಕಂಡು ಬೆರಗಾದಳು.

"ಯವ್ವಾ, ಸಾಹೇಬ್ರು! ಯಾವಾಗ ಬಂದ್ರಿ? ಸಪ್ಪಳನ ಇಲ್ಲ!"

"ಇದ ಗಾಡ್ಯಾಗ ಬಂದೀವಿ ಯವ್ವಾ, ಕೇಳಲಿಲ್ಲೇನು?" ಎಂದೆ ನಾನು, ಸ್ವಲ್ಪ ಸಿಟ್ಟಿನಿಂದಲೇ.

"ಕೇಳಿತು. ಆದ್ರ ಅದು ಸಾಹೇಬ್ರ ಫಟಫಟಿ ಅಲ್ಲ ಬಿಡು ತಮ್ಮಾ. ಅವರದು ಕುಂಟತೈತಿ."

"ಆ ಕುಂಟು ನಾನ ಬಿಡಿಸೀನಿ."

"ಬಿಡಿಸು ಅಂತ ಯಾರು ಹೇಳಿದ್ರು ನಿನಗ?" ಎಂದಳು. ಆಮೇಲೆ ತನ್ನ ನೆಗೆಣ್ಣಿಯನ್ನು ಕರೆದಳು. "ಬಾರ, ಈ ಮಿಸ್ತ್ರಿಗೆ ಸಾಹೇಬ್ರ ಗಾಡಿ ಹೆಂಗ ಬರತೈತಿ ತೋರಸೂಣು."

ಇಬ್ಬರೂ ಒನಕೆ ಎತ್ತಿದರು. ಒರಳು ಒಂದೇ. ಆಚೆಯಿಂದ ಹಿರಿಯಾಕೆ, ಈಚೆಯಿಂದ ಕಿರಿಯಾಕೆ. ಇಬ್ಬರ ಒನಕೆಗಳೂ ಓರೆಯಾಗಿ ಬಂದು ಒಂದೇ ಕುಣಿಗೆ ಬೀಳುತ್ತಿದ್ದವು. ಹಿರಿಯಾಕೆಯ ಒನಕೆ ಬಿದ್ದು ಮೇಲೇಳುವಷ್ಟರಲ್ಲಿ ಅದರ ಬೆನ್ನಿಗೇ ಕಿರಿಯಾಕೆಯದು. ಆಮೇಲೆ ಇಬ್ಬರೂ ಒಂದು ಉಸಿರು ತೆಗೆದುಕೊಳ್ಳುತ್ತಿದ್ದರು. ದುಡು-ದುಂ, ತಡೆ. ದುಡು-ದುಂ, ತಡೆ.

ಡಾಕ್ಟರು ಬಿದ್ದು ಬಿದ್ದು ನಗತೊಡಗಿದರು. "ಖರೇನ ಇದ ನನ್ನ ಗಾಡಿ! ಬಿಲ್ಕುಲ್ ಇದ!"

ನಾನು ನಗಲಿಲ್ಲ. ಕಣ್ಣಿಗೆ ಖಾರ ಬಿದ್ದು ನೀರು ಸುರಿಯುತ್ತಿದ್ದರೂ ಆ ಒರಳನ್ನೇ ನೋಡುತ್ತ ನಿಂತೆ. ಓರೆಯಾದ ಎರಡು ಒನಕೆ, ಒಂದು ಕುಣಿ. ಓರೆಯಾದ ಎರಡು ಸಿಲಿಂಡರು, ಕೆಳಗೆ ಎರಡೂ ಪಿಸ್ಟನ್ನು ಸೇರಿ ತಿರುಗಿಸುವ ಕ್ರ್ಯಾಂಕಿನ ಒಂದೇ ಪಿನ್ನು. ಕಾರಟಗಿಯ ಗಾಡಿಯಲ್ಲಿ ಪಿಸ್ಟನ್ನುಗಳು ನೆಟ್ಟಗೆ ಅಕ್ಕಪಕ್ಕ ನಿಂತಿವೆ, ಅಲ್ಲಿ ಸಮ ಬರುತ್ತದೆ. ಇಲ್ಲಿ ಅವು ಬೇರೆ ಬೇರೆ ದಿಕ್ಕಿನಿಂದ ಒಂದೇ ಪಿನ್ನಿಗೆ ಬರುತ್ತವೆ. ಪಿನ್ನು ಒಂದರ ನೇರಕ್ಕೆ ಬಂದು, ಸ್ವಲ್ಪ ತಿರುಗಿದ ಮೇಲೆ ಇನ್ನೊಂದರ ನೇರಕ್ಕೆ ಬರಬೇಕು. ಹಾಗಾದರೆ ಸಮ ಹೇಗೆ ಬಂದೀತು? ಕುಂಟು ರೋಗವಾಗಿರಲಿಲ್ಲ. ಆ ಎಂಜಿನ್ ಹುಟ್ಟಿದ್ದೇ ಹಾಗೆ. ನಾನು ಬಿಡಿಸಿದ್ದು ಕುಂಟನ್ನಲ್ಲ, ಅದರ ನಡಿಗೆಯನ್ನು.

ಈ ಮಾತನ್ನು ಡಾಕ್ಟರಿಗೆ ಅಲ್ಲೇ ಹೇಳಿಬಿಟ್ಟೆ. ನಾಚಿಕೆಯಾಯಿತು, ಆದರೆ ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಗಾಡಿಯನ್ನು ತಿರುಗಿ ಕೊಪ್ಪಳಕ್ಕೆ ತಂದದ್ದು ಮತ್ತೆ ಟ್ರೇಲರಿನಲ್ಲಿ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಎಂಟರಲ್ಲಿ ಐದು ದಿನ ಕಳೆದಿತ್ತು. ಡಾಕ್ಟರು ಮೆಲ್ಲಗೆ ಕೇಳಿದರು. "ಮಿಸ್ತ್ರಿ, ಹೆಂಗಾರ ಓಡತೈತಲ್ಲ. ನಿಂತ ನಿಂತ ಆರಿಸಿಕೋತ ಹೋಗಿಬಿಡ್ಲೇನು? ಊರೂರಿಗೆ ಮುಂಚೆ ಆಳು ಕಳಸ್ತೀನಿ."

ಒಪ್ಪಿಕೊಂಡಿದ್ದರೆ ಯಾರೂ ನನ್ನನ್ನು ಬಯ್ಯುತ್ತಿರಲಿಲ್ಲ. ಆದರೆ ಹಿಂದಿನ ಸಿಲಿಂಡರಿನ ವಾಲ್ವು ಎರಡು ದಿನದಲ್ಲಿ ಸುಟ್ಟುಹೋಗುತ್ತಿತ್ತು, ಆಮೇಲೆ ಆ ಎಂಜಿನ್ನಿಗೆ ಗುಜರಿಯೇ ಗತಿ. ಮೂರು ದಿನದಲ್ಲಿ ಹೊಸ ಕ್ಯಾಮ್ ಮಾಡಿಸುತ್ತೇನೆ, ಆಗದಿದ್ದರೆ ಲಸಿಕೆಯ ಪೆಟ್ಟಿಗೆಯನ್ನು ನಾನೇ ತಲೆಯ ಮೇಲೆ ಹೊತ್ತು ನಿಮ್ಮ ಹಿಂದೆ ನಡೆಯುತ್ತೇನೆ ಎಂದೆ. ಕಾಕಾ ಮಾಡಿದ ಆ ಚೆಂದದ ಕ್ಯಾಮನ್ನು ಡಾಕ್ಟರ ಕಣ್ಣೆದುರಿಗೇ ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಈ ಸಲ ಊಹೆಯಿಲ್ಲ. ಎರಡೂ ಸಿಲಿಂಡರಿನ ಹೆಡ್ಡು, ಅಂದರೆ ಮುಚ್ಚಳ, ಬಿಚ್ಚಿ ಪಿಸ್ಟನ್ನುಗಳ ತಲೆ ಕಾಣುವಂತೆ ಮಾಡಿದೆ. ಸಾಲಿ ಮಾಸ್ತರರೊಬ್ಬರಿಂದ ಕೋನಮಾಪಕ ಬೇಡಿ ತಂದು, ತಗಡಿನ ದುಂಡನೆಯ ಬಿಲ್ಲೆಯ ಸುತ್ತ ಮುನ್ನೂರರವತ್ತು ಗೆರೆ ಕೊರೆದು ಕ್ರ್ಯಾಂಕಿನ ತುದಿಗೆ ಕಟ್ಟಿದೆ. ಹಳೆಯ ಸೈಕಲ್ ಕಡ್ಡಿಯೊಂದನ್ನು ಮುಳ್ಳಿನ ಹಾಗೆ ಬಗ್ಗಿಸಿ ನಿಲ್ಲಿಸಿದೆ. ಕೈಯಿಂದ ಮೆಲ್ಲಗೆ ತಿರುಗಿಸಿದೆ. ಹಿಂದಿನ ಪಿಸ್ಟನ್ ತುದಿಗೆ ಬಂದಾಗ ಸೊನ್ನೆ. ಮುಂದಿನದು ತುದಿಗೆ ಬಂದಾಗ ನಲವತ್ತೈದು. ಮತ್ತೆ ತಿರುಗಿಸಿದೆ, ಮತ್ತೆ ನಲವತ್ತೈದು. ಮೂರನೆಯ ಸಲ ಮನೆಯವಳನ್ನು ಕರೆದು ಓದಿಸಿದೆ. ಅವಳೂ ನಲವತ್ತೈದು ಎಂದಳು, ಅನ್ನ ಆರುತ್ತಿದೆ ಎಂದೂ ಹೇಳಿದಳು.

ವಾಲ್ವುಗಳನ್ನು ನೋಡುತ್ತ ಲೆಕ್ಕ ಹಾಕಿದೆ. ಮುಂದಿನದು ಸಿಡಿದ ಮೇಲೆ ಮುನ್ನೂರ ಹದಿನೈದು ಡಿಗ್ರಿಗೆ ಹಿಂದಿನದು ಸಿಡಿಯಬೇಕು. ಹಿಂದಿನದು ಸಿಡಿದ ಮೇಲೆ ನಾನೂರ ಐದು ಡಿಗ್ರಿಗೆ ಮುಂದಿನದು. ಒಂದು ಗಿಡ್ಡ ಹೆಜ್ಜೆ, ಒಂದು ಉದ್ದ ಹೆಜ್ಜೆ. ನಾನು ಎರಡನ್ನೂ ಮುನ್ನೂರರವತ್ತು ಮಾಡಿಟ್ಟಿದ್ದೆ. ಹಾಗಾಗಿ ಹಿಂದಿನದಕ್ಕೆ ಹೊಂದಿಸಿದಾಗ ಮುಂದಿನದು ನಲವತ್ತೈದು ಡಿಗ್ರಿ ಬೇಗ ಸಿಡಿದು ನನ್ನನ್ನು ಒದ್ದಿತ್ತು. ಮುಂದಿನದಕ್ಕೆ ಹೊಂದಿಸಿದಾಗ ಹಿಂದಿನದು ಅಷ್ಟೇ ತಡವಾಗಿ ಸಿಡಿದು ಬೆಂಕಿಯೆಲ್ಲ ಪೈಪಿಗೆ ಹೋಗಿತ್ತು. ಮೀನಖಂಡದ ನೋವಿಗೂ ಕೆಂಪು ಪೈಪಿಗೂ ಒಂದೇ ಕಾರಣ ಸಿಕ್ಕಿದಾಗ ನಾನು ಒಬ್ಬನೇ ಅಂಗಡಿಯಲ್ಲಿ ಚಪ್ಪಾಳೆ ತಟ್ಟಿದೆ.

ಗಡಿಯಾರ ರಿಪೇರಿಯವರ ಭೂತಗನ್ನಡಿ ತಂದು ಹಳೆಯ ಕ್ಯಾಮನ್ನೂ ನೋಡಿದೆ. ಮುರಿದ ಮೂಗಿನ ಬುಡ ಓರೆಯಾಗಿಯೇ ಇತ್ತು. ಕಾಕಾ ಮೊದಲ ದಿನವೇ ತೋರಿಸಿದ್ದರು.

ಗಂಗಾವತಿಯಲ್ಲಿ ಕಾಕಾ ನನ್ನ ಹೊಸ ಚಿತ್ರ ನೋಡಿ ಕನ್ನಡಕ ತೆಗೆದರು. "ಇದೇನಪಾ? ಗೊಂಬಿಗೆ ಒಂದು ಕಣ್ಣು ಹಣಿಮ್ಯಾಲ, ಒಂದು ಕಣ್ಣು ಗಲ್ಲದ ಮ್ಯಾಲ ಬರಿ ಅಂದ್ಹಂಗ ಆತು."

"ಈ ಗೊಂಬಿ ಹಂಗ ಐತ್ರಿ ಕಾಕಾ. ಹಂಗ ಬರದ್ರನ ಕಣ್ಣು ತೆರಿತೈತಿ."

"ಎಷ್ಟು ಸರಸಬೇಕು?"

"ನಲವತ್ತೈದು ಡಿಗ್ರಿ."

ಅವರು ಅರ ತೆಗೆದುಕೊಳ್ಳಲಿಲ್ಲ. ಗೊಂಬೆಗಳ ಮೂಲೆಯತ್ತ ನೋಡುತ್ತ ಯೋಚಿಸಿದರು. "ಎಂಜಿನ್ ಎರಡ ಸುತ್ತು ಸುತ್ತಿದ್ರ ಈ ಕ್ಯಾಮ್ ಎಷ್ಟು ಸುತ್ತತೈತಿ?"

"ಒಂದ ಸುತ್ತರಿ."

"ಮತ್ತ ಅರ್ಧ ಸುತ್ತೂದಕ್ಕ ಅರ್ಧ ಓರೆ ಸಾಕಲ್ಲೋ?"

ನಾನು ಚಿತ್ರದ ಅಂಚಿನಲ್ಲೇ ಲೆಕ್ಕ ಹಾಕಿದೆ. ನಲವತ್ತೈದರ ಅರ್ಧ, ಇಪ್ಪತ್ತೆರಡೂವರೆ. ಅವರು ಕೇಳದಿದ್ದರೆ ನಾನು ಇನ್ನೊಂದು ತಪ್ಪು ಕ್ಯಾಮ್ ಹೊತ್ತುಕೊಂಡು ಬಂದು, ಇನ್ನೊಂದು ಕಾಲಿಗೂ ಒದೆಸಿಕೊಳ್ಳುತ್ತಿದ್ದೆ. ಕಾಲಿಗೆ ಬೀಳಲು ಹೋದೆ, ಎಣ್ಣೆ ಐತಿ ಜಾರತಿ ಎಂದು ತಡೆದರು.

ಆ ಎರಡು ದಿನ ನಾನು ಅಲ್ಲೇ ಇದ್ದೆ. ಕಾಕಾ ಒಂದೊಂದು ಅರದ ಎಳೆತಕ್ಕೂ ನಿಲ್ಲಿಸಿ ಅಳೆದರು. ಗೊಂಬೆಗೆ ಬಣ್ಣ ಹಚ್ಚುವ ಅಳಿಲುಕೂದಲಿನ ಕುಂಚದಿಂದ ಉಕ್ಕಿನ ಮೇಲೆ ಕೆಂಪು ಗೆರೆ ಎಳೆದು, ಗೆರೆ ಮುಟ್ಟುವವರೆಗೆ ಉಜ್ಜಿದರು. ಮುಗಿದಾಗ ಅದು ನೋಡಲು ಸ್ವಲ್ಪವೂ ಚೆಂದವಿರಲಿಲ್ಲ. ಕಾಕಾ ಅದನ್ನು ಕೊಡುವಾಗ ಮುಖ ಆಚೆ ತಿರುಗಿಸಿಕೊಂಡರು. "ನಾ ಮಾಡೀನಿ ಅಂತ ಯಾರಿಗೂ ಹೇಳಬ್ಯಾಡ," ಎಂದರು. ಹೊರಡುವಾಗ ಮಾತ್ರ ಬಾಗಿಲವರೆಗೆ ಬಂದು, "ಓಡಿತಂದ್ರ ಹೇಳು," ಎಂದು ಸೇರಿಸಿದರು.

ಎಂಟನೆಯ ದಿನದ ಸಂಜೆ ಅಂಗಡಿಯ ಮುಂದೆ ಮತ್ತೆ ಅದೇ ಜನ. ಈ ಸಲ ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ. ಡಾಕ್ಟರು ಮುಲಾಮಿನ ಡಬ್ಬಿಯ ಮುಚ್ಚಳ ತೆಗೆದೇ ಹಿಡಿದಿದ್ದರು. ಒದ್ದೆ. ಮೊದಲ ಕಿಕ್ಕಿಗೇ ಎದ್ದಿತು. ದುಡು-ದುಂ, ತಡೆ, ದುಡು-ದುಂ. ನೆಲ ಮೆಲ್ಲಗೆ ಅದುರಿತು, ಚಹಾದಂಗಡಿಯ ಕಪ್ಪುಗಳು ಸಾಸರಿನಲ್ಲಿ ಕುಣಿದವು. ಆಕ್ಸಿಲರೇಟರ್ ತಿರುವಿದರೆ ಎಷ್ಟು ಬೇಕೋ ಅಷ್ಟು ಎಳೆತ, ಎರಡೂ ಪೈಪು ಕಪ್ಪಗೇ. ಇಷ್ಟು ದಿನ ಯಾವ ಸಪ್ಪಳವನ್ನು ರೋಗವೆಂದು ಕನಿಕರಪಟ್ಟಿದ್ದೆನೋ, ಅದನ್ನೇ ಕೇಳಲೆಂದು ಆಕ್ಸಿಲರೇಟರನ್ನು ಮತ್ತೆ ಮತ್ತೆ ತಿರುವಿದೆ. ಡಾಕ್ಟರು ಡಬ್ಬಿಯ ಮುಚ್ಚಳ ಹಾಕಿ ನನ್ನನ್ನು ತಬ್ಬಿಕೊಂಡರು, ನನ್ನ ಗ್ರೀಸೆಲ್ಲ ಅವರ ಬಿಳಿ ಅಂಗಿಗೆ ಹೋಯಿತು.

ಮರುದಿನ ಬೆಳಗಿನ ಬಸ್ಸಿಗೆ ಐಸು ಬಂತು. ಲಸಿಕೆಯ ಪೆಟ್ಟಿಗೆ ತೊಟ್ಟಿಲಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಮೋಡ ತಲೆಯ ಮೇಲೆಯೇ ಇತ್ತು. ನನ್ನನ್ನು ಕರೆದುಕೊಂಡು ಹೋಗುವ ಅಗತ್ಯ ಡಾಕ್ಟರಿಗಿರಲಿಲ್ಲ. ನಾನೇ ಹಟ ಮಾಡಿ ಹತ್ತಿದ್ದೆ, ತಳಕಲ್ಲಿನ ಆ ಬೇವಿನ ಮರವನ್ನು ಇನ್ನೊಮ್ಮೆ ನೋಡಬೇಕಿತ್ತು.

ಊರು ಇನ್ನೂ ಎರಡು ಹೊಲ ದೂರವಿತ್ತು. ಎಂಜಿನ್ನಿನ ಸಪ್ಪಳದಲ್ಲಿ ನನಗೆ ಬೇರೇನೂ ಕೇಳುತ್ತಿರಲಿಲ್ಲ, ಆದರೆ ಕಂಡಿತು. ಮನೆಗಳ ಸಂದಿಗಳಿಂದ ಧೂಳೆದ್ದಿತು. ಧೂಳಿನಿಂದ ಎಮ್ಮೆಗಳು ಬಂದವು, ಎತ್ತುಗಳು, ಹಸುಗಳು, ಒಂದು ಬಗಲಲ್ಲಿ ಮಗು ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದ ಹೆಂಗಸರು ಬಂದರು. ಹಳ್ಳ ದಾಟಿ ಓಡಿಹೋಗುತ್ತಿದ್ದ ಗಂಡಸರು ಈ ಸಲ ಹಳ್ಳದ ಕಡೆಯಿಂದ ಊರ ಕಡೆಗೆ ಓಡಿ ಬರುತ್ತಿದ್ದರು. ನಾವು ಮುಟ್ಟುವಷ್ಟರಲ್ಲಿ ಬೇವಿನ ಕೆಳಗೆ ನೆರಳೇ ಕಾಣಿಸುತ್ತಿರಲಿಲ್ಲ, ಬರೀ ದನ.

ನಾನು ಹಿಂದಿನ ಸೀಟಿನಿಂದ ಜೋರಾಗಿ ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ, ಸಂತೋಷಕ್ಕೆ ಕೂಗಿದ್ದು.

ಡಾಕ್ಟರ ಸೂಜಿ ಮಧ್ಯಾಹ್ನದವರೆಗೆ ನಿಲ್ಲಲಿಲ್ಲ. ಲಸಿಕೆ ಮುಗಿದಾಗ ಪೆಟ್ಟಿಗೆಯ ತಳದಲ್ಲಿ ತೆಂಗಿನಕಾಯಿಯಷ್ಟು ಐಸು ಇನ್ನೂ ಉಳಿದಿತ್ತು. ಹಿಂದಿನ ಸಲ ಐಸು ಮುಗಿದು ಲಸಿಕೆ ಉಳಿದಿತ್ತು. ಡಾಕ್ಟರು ಅದನ್ನೇ ಎಲ್ಲರಿಗೂ ಎತ್ತಿ ಎತ್ತಿ ತೋರಿಸಿದರು, ಬಹುಮಾನ ಬಂದವರ ಹಾಗೆ. ಖಾರ ಕುಟ್ಟುವ ಮನೆಯ ಯಜಮಾನಿ ಕೊಡಪಾನದ ತುಂಬ ಮಜ್ಜಿಗೆ ತಂದಳು. ಐಸಿನ ಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ, ಒನಕೆಯಿಂದಲೇ ಒಂದೇಟು ಹಾಕಿ ಪುಡಿಮಾಡಿ ಮಜ್ಜಿಗೆಗೆ ಸುರಿದಳು. ಒನಕೆಯ ಖಾರ ಸ್ವಲ್ಪ ಮಜ್ಜಿಗೆಗೂ ಹತ್ತಿತು, ಕುಡಿದವರೆಲ್ಲ ಹಾ ಎಂದರು, ಮತ್ತೆ ಲೋಟ ಚಾಚಿದರು.

ನಾನು ನನ್ನ ಪಾಲಿಗೆಂದು ಜನರ ನಡುವೆ ಹೋದೆ. ಬಲಗಾಲು ಇನ್ನೂ ವಾಸಿಯಾಗಿರಲಿಲ್ಲ. ಒಂದು ಹೆಜ್ಜೆ ಗಿಡ್ಡ, ಒಂದು ಹೆಜ್ಜೆ ಉದ್ದ. ಆಕೆ ದೂರದಿಂದಲೇ ನನ್ನ ನಡಿಗೆ ನೋಡಿ, ಕೈ ಎತ್ತಿ ಎಲ್ಲರನ್ನೂ ಬದಿಗೆ ಸರಿಸಿದಳು.

"ದಾರಿ ಬಿಡ್ರೆಪಾ, ಸಾಹೇಬ್ರ ಫಟಫಟಿ ರಿಪೇರಿ ಮಾಡಿದಾಂವ ಬಂದ. ಸಪ್ಪಳ ಇಲ್ಲಾಂದ್ರೂ ನಡಿಗಿ ನೋಡಿದ್ರ ಗೊತ್ತಾಗತೈತಿ."

ಊರೆಲ್ಲ ನಕ್ಕಿತು. ಚಾಚಿದ ಲೋಟಗಳನ್ನೆಲ್ಲ ಬಿಟ್ಟು ಮೊದಲು ನನಗೇ ಕೊಟ್ಟಳು.